ಜಾಮೀನು ಸಿಕ್ಕಿದೆ, ಶ್ಯೂರಿಟಿ ಸಿಕ್ಕಿಲ್ಲ: ನಮ್ಮ ಜೈಲುಗಳು ತುಂಬುವುದು ಹೀಗೆ

ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದ ಒಬ್ಬ ಕೈದಿ 1984ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಕಾಗದ ಬರೆದ. ಇಲ್ಲಿ ಮೈಮುರಿದು ದುಡಿದರೂ ಸರಿಯಾದ ಕೂಲಿ ಇಲ್ಲ, ಊಟ ಬಾಯಿಗಿಡಲು ಆಗುವುದಿಲ್ಲ, ಹಿಂಸೆ ಕೊಡುತ್ತಾರೆ ಅಂತ. ಆ ಕಾಗದವನ್ನೇ ಕೋರ್ಟ್ ಅರ್ಜಿ ಅಂತ ತೆಗೆದುಕೊಂಡಿತು. 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ಅನ್ನುವ ಆ ಕೇಸಿನ ತೀರ್ಪು ಬಂದದ್ದು 1996ರ ಡಿಸೆಂಬರ್‌ನಲ್ಲಿ. ನಮ್ಮ ಜೈಲುಗಳಿಗೆ ಹಿಡಿದ 9 ಕಾಯಿಲೆಗಳನ್ನು ಕೋರ್ಟ್ ಅದರಲ್ಲಿ ಒಂದೊಂದಾಗಿ ಹೆಸರಿಸಿತು. ಮೊದಲನೆಯದು, ಜಾಗಕ್ಕಿಂತ ಜಾಸ್ತಿ ಜನ. ಎರಡನೆಯದು, ವಿಚಾರಣೆ ಮುಗಿಯದೆ ಎಳೆಯುವುದು.

ಆ ಹಳೆಯ ಜೈಲು ಈಗ ಫ್ರೀಡಂ ಪಾರ್ಕ್. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋಗಿ ಎಷ್ಟೋ ವರ್ಷ ಆಯಿತು. ವಿಳಾಸ ಬದಲಾಯಿತು, ಆದರೆ ದೇಶದ ಯಾವ ಜೈಲಿನ ಸುದ್ದಿ ಓದಿದರೂ ಆ ಪಟ್ಟಿಯ ಮೊದಲ ಎರಡು ಸಾಲುಗಳೇ ಮತ್ತೆ ಕಣ್ಣಿಗೆ ಬೀಳುತ್ತವೆ. ಯಾಕೆ ಹೀಗೆ? ಸರ್ಕಾರ, ಕೋರ್ಟು ಏನೂ ಮಾಡಿಲ್ಲವಾ? ಮಾಡಿವೆ, ಬೇಕಾದಷ್ಟು ಮಾಡಿವೆ. ಯಾವುದು ಕೆಲಸ ಮಾಡುತ್ತಿದೆ, ಯಾವುದು ಎಲ್ಲಿ ಸಿಕ್ಕಿಕೊಂಡಿದೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಅಂಕಿಗಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷ ಜೈಲುಗಳ ಲೆಕ್ಕ ಕೊಡುತ್ತದೆ. 2022ರ ಡಿಸೆಂಬರ್ 31ರಂದು ದೇಶದ 1,330 ಜೈಲುಗಳಲ್ಲಿ 4,36,266 ಜನರಿಗೆ ಜಾಗ ಇತ್ತು, ಇದ್ದವರು 5,73,220. ಅಂದರೆ ನೂರು ಜನರ ಜಾಗದಲ್ಲಿ 131 ಜನ. 2023ರ ಕೊನೆಗೆ ಇದು ಸ್ವಲ್ಪ ಇಳಿದು 5,30,333 ಆಯಿತು, ಆದರೂ ನೂರಕ್ಕೆ ಸುಮಾರು 121. ಇದು ದೇಶದ ಸರಾಸರಿ ಮಾತ್ರ. ದೆಹಲಿ, ಉತ್ತರಾಖಂಡ, ಉತ್ತರ ಪ್ರದೇಶದ ಜೈಲುಗಳಲ್ಲಿ 2022ರಲ್ಲಿ ಹೆಚ್ಚು ಕಡಿಮೆ ದುಪ್ಪಟ್ಟಿನ ಹತ್ತಿರ ಜನ ಇದ್ದರು. ಇನ್ನು ಕೆಲವು ಕಡೆ ಬ್ಯಾರಕ್‌ಗಳು ಪೂರ್ತಿ ತುಂಬಿರಲೇ ಇಲ್ಲ.

ಆದರೆ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಬೇರೆ ಇದೆ. 2022ರಲ್ಲಿ ಒಳಗಿದ್ದವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನೂರಕ್ಕೆ 76 ಮಂದಿ. ಇವರು ತಪ್ಪು ಮಾಡಿದ್ದಾರೆ ಅಂತ ಯಾವ ಕೋರ್ಟೂ ಇನ್ನೂ ಹೇಳಿಲ್ಲ. ಸಜೆ ಆಗಿ ಒಳಗಿರುವವರು ನಾಲ್ಕರಲ್ಲಿ ಒಬ್ಬರು ಅಷ್ಟೇ. ನಾವು ಜೈಲು ಅಂದ ತಕ್ಷಣ ಶಿಕ್ಷೆ ಅನುಭವಿಸುವ ಜಾಗ ಅಂದುಕೊಳ್ಳುತ್ತೇವೆ ಅಲ್ವಾ? ನಿಜವಾಗಿ ನಮ್ಮ ಜೈಲು ಬಹುಪಾಲು ಕಾಯುವ ಜಾಗ. ಈ ಕಾಯುವವರಲ್ಲಿ ಸುಮಾರು ಮೂರನೇ ಎರಡು ಭಾಗ ಜನ ಹತ್ತನೇ ಕ್ಲಾಸು ದಾಟಿದವರಲ್ಲ. 11 ಸಾವಿರಕ್ಕೂ ಹೆಚ್ಚು ಜನ ಹೀಗೆ 5 ವರ್ಷಕ್ಕಿಂತ ಜಾಸ್ತಿ ಕಾಲದಿಂದ ಕಾಯುತ್ತಿದ್ದರು.

ಒಂದು ಸಣ್ಣ ಲೆಕ್ಕ

ಯಾವುದೇ ದಿನ ಜೈಲಿನೊಳಗೆ ಎಷ್ಟು ಜನ ಇರುತ್ತಾರೆ ಅನ್ನುವುದು ಎರಡೇ ಸಂಗತಿಗಳ ಮೇಲೆ ನಿಂತಿದೆ. ವರ್ಷಕ್ಕೆ ಎಷ್ಟು ಜನ ಒಳಗೆ ಬರುತ್ತಾರೆ, ಬಂದವರು ಎಷ್ಟು ದಿನ ಇರುತ್ತಾರೆ. ಕೆರೆ ಇದ್ದ ಹಾಗೆ. ಕಾಲುವೆಯಿಂದ ನೀರು ಬರುತ್ತದೆ, ತೂಬಿನಿಂದ ಹೋಗುತ್ತದೆ. ತೂಬಿನಲ್ಲಿ ಹೂಳು ಕಟ್ಟಿದರೆ ಮಳೆ ಕಮ್ಮಿ ಇದ್ದರೂ ಕೆರೆ ಕೋಡಿ ಬೀಳುತ್ತದೆ.

ನಮ್ಮ ದೇಶದ ಜೈಲುಗಳಿಗೆ ವರ್ಷಕ್ಕೆ ಸುಮಾರು 18 ಲಕ್ಷ ಜನ ಬರುತ್ತಾರೆ. ಯಾವುದೇ ದಿನ ಒಳಗಿರುವವರು ಐದೂವರೆ ಲಕ್ಷದ ಆಸುಪಾಸು. ಭಾಗಿಸಿ ನೋಡಿದರೆ ಒಬ್ಬರು ಸರಾಸರಿ ನಾಲ್ಕು ತಿಂಗಳಿಗೆ ಸ್ವಲ್ಪ ಕಮ್ಮಿ ಇರುತ್ತಾರೆ ಅಂತ ಆಯಿತು. ಈಗ ಇದನ್ನು ನೋಡಿ. ಆ ಸರಾಸರಿ ಬರೀ ಒಂದು ತಿಂಗಳು ಕಮ್ಮಿ ಆದರೆ ಒಳಗಿರುವವರ ಸಂಖ್ಯೆ ಒಂದೂವರೆ ಲಕ್ಷ ಇಳಿಯುತ್ತದೆ. 2022ರಲ್ಲಿ ಜಾಗಕ್ಕಿಂತ ಹೆಚ್ಚಿಗೆ ಇದ್ದವರು 1,36,954. ಅಂದರೆ ಒಂದು ಹೊಸ ಗೋಡೆ ಕಟ್ಟದೆ, ಒಬ್ಬನನ್ನೂ ಕಮ್ಮಿ ಬಂಧಿಸದೆ, ಕಾಯುವ ಹೊತ್ತಿನಲ್ಲಿ ಒಂದು ತಿಂಗಳು ಉಳಿಸಿದರೆ ದೇಶದ ಮಟ್ಟದಲ್ಲಿ ಈ ಇಕ್ಕಟ್ಟೇ ಇರುವುದಿಲ್ಲ. ಇದು ಅಂದಾಜು ಲೆಕ್ಕ, ಒಪ್ಪುತ್ತೇನೆ. ಒಂದು ರಾಜ್ಯದಲ್ಲಿ ಖಾಲಿಯಾದ ಜಾಗ ಇನ್ನೊಂದು ರಾಜ್ಯಕ್ಕೆ ಸಿಗುವುದಿಲ್ಲ. ಆದರೆ ಹೂಳು ಎಲ್ಲಿದೆ ಅಂತ ತೋರಿಸಲು ಇಷ್ಟು ಸಾಕು.

ಸರ್ಕಾರಗಳಿಗೆ ಸುಲಭವಾಗಿ ಕಾಣುವ ದಾರಿ ಕೆರೆಯ ಏರಿ ಎತ್ತರಿಸುವುದು, ಅಂದರೆ ಹೊಸ ಜೈಲು, ಹೊಸ ಬ್ಯಾರಕ್ ಕಟ್ಟುವುದು. ಜೈಲು ರಾಜ್ಯಗಳ ಪಟ್ಟಿಯ ವಿಷಯ, ಹಾಗಾಗಿ ಕಟ್ಟುವ ಹೊಣೆ ರಾಜ್ಯಗಳದ್ದೇ. ಕಟ್ಟಿಯೂ ಇದ್ದಾರೆ. 2017ರ ಕೊನೆಗೆ ದೇಶದ ಜೈಲುಗಳಲ್ಲಿ 3,91,574 ಜನರಿಗೆ ಜಾಗ ಇತ್ತು. ಐದು ವರ್ಷದಲ್ಲಿ ಸುಮಾರು 45 ಸಾವಿರ ಜನರ ಜಾಗ ಸೇರಿತು. ಅದೇ ಐದು ವರ್ಷದಲ್ಲಿ ಕೈದಿಗಳು 1,22,000ಕ್ಕೂ ಹೆಚ್ಚು ಸೇರಿದರು. ಹೊಸ ಕಟ್ಟಡ ಬೇಡ ಅಂತ ನಾನು ಹೇಳುತ್ತಿಲ್ಲ. ನೂರು ವರ್ಷದ ಹಳೆಯ ಗೋಡೆಗಳ ಒಳಗೆ ಜನರನ್ನು ತುಂಬಿಡುವುದಕ್ಕಿಂತ ಗಾಳಿ ಬೆಳಕಿನ ಹೊಸ ಕಟ್ಟಡ ಎಷ್ಟೋ ಮೇಲು. ಆದರೆ ಕಟ್ಟಡ ಮೇಲೇಳುವ ವೇಗಕ್ಕಿಂತ ಜನ ಒಳಬರುವ ವೇಗವೇ ಜಾಸ್ತಿ ಇರುವಾಗ ಬರೀ ಕಟ್ಟುತ್ತಾ ಹೋದರೆ ಎಲ್ಲಿಗೆ ಮುಟ್ಟುತ್ತೇವೆ? 2022ರ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಇದನ್ನೇ ಕೇಳಿದ್ದರು. ಸಣ್ಣ ಪುಟ್ಟ ಕಾರಣಕ್ಕೆ ಒಳಗೆ ಹೋಗಿ ಅಲ್ಲೇ ಉಳಿದುಹೋದ ಬಡವರ ಬಗ್ಗೆ ಮಾತಾಡುತ್ತಾ, ದೇಶ ಮುಂದೆ ಹೋಗುತ್ತಿದ್ದರೆ ಇನ್ನೂ ಜೈಲು ಯಾಕೆ ಬೇಕು ಅಂದರು. ಎದುರಿಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಕೂತಿದ್ದರು.

ಒಳಬರುವ ಕಾಲುವೆ

ಪೊಲೀಸರು ಯಾರನ್ನಾದರೂ ಬಂಧಿಸಲೇಬೇಕು ಅಂತ ಕಾನೂನು ಎಲ್ಲ ಕೇಸಿನಲ್ಲೂ ಹೇಳುವುದಿಲ್ಲ. 7 ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆದು ಕೊಡಬೇಕು. ಬೇಡದಿದ್ದರೆ ನೋಟಿಸ್ ಕೊಟ್ಟು ಠಾಣೆಗೆ ಕರೆಸಿದರೆ ಸಾಕು. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಪೊಲೀಸರು ತಂದು ನಿಲ್ಲಿಸಿದ ತಕ್ಷಣ ಮ್ಯಾಜಿಸ್ಟ್ರೇಟರು ಕಣ್ಣು ಮುಚ್ಚಿ ನ್ಯಾಯಾಂಗ ಬಂಧನಕ್ಕೆ ಕಳಿಸಬಾರದು ಅಂತಲೂ ಹೇಳಿತು. 2022ರಲ್ಲಿ ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಅದನ್ನೇ ಮತ್ತೆ ಹೇಳಬೇಕಾಯಿತು. ಜಾಮೀನಿಗೆ ಅಂತಲೇ ಒಂದು ಪ್ರತ್ಯೇಕ ಕಾನೂನು ತರುವ ಬಗ್ಗೆ ಯೋಚಿಸಿ ಅಂತ ಕೇಂದ್ರಕ್ಕೂ ಸೂಚಿಸಿತು. ಎಂಟು ವರ್ಷದ ನಂತರ ಅದೇ ಪಾಠ ಎರಡನೇ ಸಲ ಹೇಳಬೇಕಾಗಿ ಬಂತು ಅನ್ನುವುದರಲ್ಲೇ ಠಾಣೆಯ ಮಟ್ಟದಲ್ಲಿ ಎಷ್ಟು ಬದಲಾಗಿತ್ತು ಅಂತ ಗೊತ್ತಾಗುತ್ತದೆ.

ಒಂದು ಕಾನೂನು ಜೈಲನ್ನು ಹೇಗೆ ತುಂಬಿಸುತ್ತದೆ ಅನ್ನುವುದಕ್ಕೆ ಬಿಹಾರ ಒಳ್ಳೆಯ ಉದಾಹರಣೆ. 2016ರಲ್ಲಿ ಅಲ್ಲಿ ಪೂರ್ತಿ ಮದ್ಯ ನಿಷೇಧ ಬಂತು. ಕುಡಿದು ಸಿಕ್ಕಿಬಿದ್ದವರೂ ಜೈಲಿಗೆ ಹೋದರು, ಜಾಮೀನು ಅರ್ಜಿಗಳು ಹೈಕೋರ್ಟಿನವರೆಗೂ ಗುಡ್ಡೆ ಬಿದ್ದವು. ಕೊನೆಗೆ 2022ರಲ್ಲಿ ಸರ್ಕಾರವೇ ಕಾನೂನು ತಿದ್ದಿ, ಮೊದಲ ಸಲ ಕುಡಿದು ಸಿಕ್ಕವರು 2,000ದಿಂದ 5,000 ರೂಪಾಯಿ ದಂಡ ಕಟ್ಟಿ ಹೋಗಬಹುದು ಅಂತ ಮಾಡಿತು. ಹೊಸ ಅಪರಾಧವೊಂದನ್ನು ಕಾನೂನಿಗೆ ಸೇರಿಸುವಾಗ ಇದಕ್ಕೆ ಎಷ್ಟು ಜೈಲು, ಎಷ್ಟು ಕೋರ್ಟು ಬೇಕಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕುವ ಅಭ್ಯಾಸ ನಮ್ಮಲ್ಲಿ ಬೆಳೆಯಲೇ ಇಲ್ಲ. ಬೆಳೆಯಬೇಕಿತ್ತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ಸಣ್ಣ ಹೊಸ ಬಾಗಿಲು ಇದೆ. ಮೊದಲ ಸಲ 5,000 ರೂಪಾಯಿಗಿಂತ ಕಮ್ಮಿ ಬೆಲೆಯ ವಸ್ತು ಕದ್ದು ಅದನ್ನು ವಾಪಸ್ ಕೊಟ್ಟವರಿಗೆ, ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವರಿಗೆ, ಹೀಗೆ ಕೆಲವೇ ಸಣ್ಣ ಅಪರಾಧಗಳಿಗೆ ಜೈಲಿನ ಬದಲು ಸಮುದಾಯ ಸೇವೆ ಮಾಡಿಸಬಹುದು. ಒಳ್ಳೆಯ ಹೆಜ್ಜೆ. ಆದರೆ ಇದು ಶಿಕ್ಷೆ ಆಗುವವರಿಗೆ ಸಿಗುವುದು. ವಿಚಾರಣೆಗೆ ಕಾಯುತ್ತಾ ಆಗಲೇ ಆರು ತಿಂಗಳು ಒಳಗೆ ಕಳೆದವನಿಗೆ ಸಮುದಾಯ ಸೇವೆ ಅಂದರೆ ಏನು ಉಳಿಯಿತು?

ಕಾಯುವ ಕಾಲ

ವಿಚಾರಣಾಧೀನ ಕೈದಿಗಳ ಬಗ್ಗೆ ಈ ದೇಶದ ಕಣ್ಣು ತೆರೆಸಿದ್ದು 1979ರ ಹುಸೈನಾರಾ ಖಾತೂನ್ ಪ್ರಕರಣ. ಬಿಹಾರದ ಜೈಲುಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿಯನ್ನು ಹಿಡಿದು ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಕೆಲವರು ಎಷ್ಟು ಕಾಲ ಕಾಯುತ್ತಿದ್ದರು ಅಂದರೆ, ಅವರ ಮೇಲಿನ ಆರೋಪ ಸಾಬೀತಾಗಿ ಪೂರ್ತಿ ಶಿಕ್ಷೆ ಆಗಿದ್ದರೂ ಅಷ್ಟು ವರ್ಷ ಆಗುತ್ತಿರಲಿಲ್ಲ. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಬೇಗ ವಿಚಾರಣೆ ಆಗುವುದು ಸಂವಿಧಾನದ 21ನೇ ವಿಧಿ ಕೊಟ್ಟ ಹಕ್ಕು ಅಂತ ಹೇಳಿತು. ಆ ಕೇಸಿನಿಂದ ಸುಮಾರು 40 ಸಾವಿರ ಜನ ಹೊರಗೆ ಬಂದರು ಅಂತ ಹೇಳುತ್ತಾರೆ.

ಅದು ಕಾನೂನಿನ ಪುಸ್ತಕಕ್ಕೆ ಒಂದು ನಿಯಮವಾಗಿ ಬರಲು ಇನ್ನೂ ಕಾಲು ಶತಮಾನ ಹಿಡಿಯಿತು. ದಂಡ ಪ್ರಕ್ರಿಯಾ ಸಂಹಿತೆಗೆ (ಸಿಆರ್‌ಪಿಸಿ) 2005ರ ತಿದ್ದುಪಡಿಯಲ್ಲಿ 436ಎ ಅನ್ನುವ ಕಲಂ ಸೇರಿತು. ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೇ ಕಳೆದಿದ್ದರೆ ಬಿಡಬೇಕು ಅಂತ. ಆ ಸಂಹಿತೆಯ ಬದಲಿಗೆ ಬಂದ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 479ನೇ ಕಲಂ. ಇದರಲ್ಲಿ ನಿಜಕ್ಕೂ ದೊಡ್ಡ ಬದಲಾವಣೆ ಆಗಿದೆ, ಗಮನ ಇಟ್ಟು ಓದಿ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗಿರದ ವ್ಯಕ್ತಿ ಮೂರನೇ ಒಂದು ಭಾಗ ಕಳೆದಿದ್ದರೆ ಸಾಕು, ಬಾಂಡ್ ಬರೆಸಿಕೊಂಡು ಬಿಡಬೇಕು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ, ಹಾಗಾದರೆ 1 ವರ್ಷ ಕಳೆದ ಮೇಲೆ. ಉಳಿದವರಿಗೆ ಮೊದಲಿನ ಹಾಗೆ ಅರ್ಧ. ಇನ್ನೊಂದು, ಆ ದಿನ ಬಂದಾಗ ಕೋರ್ಟಿಗೆ ಅರ್ಜಿ ಬರೆದು ಕಳಿಸುವ ಹೊಣೆ ಜೈಲು ಸೂಪರಿಂಟೆಂಡೆಂಟರದ್ದು. ಕೈದಿಗೆ ಕಾನೂನು ಗೊತ್ತಿರಬೇಕು, ವಕೀಲ ಇರಬೇಕು ಅನ್ನುವ ಹಂಗಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಹೊಸ ಕಾನೂನು ಬರುವ ಮೊದಲೇ ಒಳಗೆ ಹೋದವರಿಗೂ ಇದು ಅನ್ವಯಿಸುತ್ತದೆ ಅಂತ ಸ್ಪಷ್ಟ ಮಾಡಿತು.

ಆದರೆ ಇದರ ಎರಡು ಗಂಟುಗಳನ್ನೂ ಹೇಳಲೇಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಆರೋಪಗಳಿಗೆ ಇದು ಇಲ್ಲ. ಅದು ಅರ್ಥವಾಗುತ್ತದೆ. ಎರಡನೆಯದು ನನಗೆ ಒಪ್ಪಿಗೆಯಾಗುವುದಿಲ್ಲ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಕೇಸು ಇದ್ದರೆ ಈ ಕಲಂ ಪ್ರಕಾರ ಬಿಡುವಂತಿಲ್ಲ ಅಂತ ಹೊಸ ಕಾನೂನು ಸೇರಿಸಿದೆ. ಒಂದು ಸಣ್ಣ ಕಳ್ಳತನದಲ್ಲಿ ಸಿಕ್ಕವನ ಮೇಲೆ ಅದೇ ಠಾಣೆಯ ಇನ್ನೆರಡು ಹಳೆಯ ಕಳ್ಳತನದ ಕೇಸು ಹಾಕುವುದು ಎಷ್ಟು ಹೊತ್ತಿನ ಕೆಲಸ? ಯಾವುದೂ ಸಾಬೀತಾಗಿರುವುದಿಲ್ಲ, ಆದರೂ ಬಿಡುಗಡೆಯ ಬಾಗಿಲು ಮುಚ್ಚಿಹೋಗುತ್ತದೆ.

ಇವರನ್ನೆಲ್ಲ ಗುರುತಿಸಿ ಪಟ್ಟಿ ಮಾಡುವವರು ಯಾರು? 2013ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರು 1,382 ಜೈಲುಗಳ ಅಮಾನವೀಯ ಸ್ಥಿತಿಯ ಬಗ್ಗೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. (ಜೈಲು ಸುಧಾರಣೆಯ ಕತೆಯಲ್ಲಿ ಎಷ್ಟು ಸಲ ಒಂದು ಕಾಗದ ಬರುತ್ತದೆ ನೋಡಿ, ಕೈದಿ ಬರೆದದ್ದೂ ಇದೆ, ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಬರೆದದ್ದೂ ಇದೆ.) ಲಾಹೋಟಿ ಅವರ ಪತ್ರದಿಂದ ಶುರುವಾದ ಕೇಸಿನ ಆದೇಶಗಳಿಂದ ಪ್ರತಿ ಜಿಲ್ಲೆಯಲ್ಲೂ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಗಟ್ಟಿಯಾಯಿತು. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಎಸ್‌ಪಿ, ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಸೂಪರಿಂಟೆಂಡೆಂಟ್ ಕೂತು ಯಾರನ್ನು ಬಿಡಬಹುದು ಅಂತ ನೋಡಬೇಕು. ಸಮಿತಿ ಶಿಫಾರಸು ಮಾಡುತ್ತದೆ, ಬಿಡುವುದು ಕೋರ್ಟು. ಇದು ಚೆನ್ನಾಗಿ ನಡೆಯುವ ಜಿಲ್ಲೆಯಲ್ಲಿ ನಡೆಯುತ್ತದೆ. ಸುಮ್ನೆ ಸಭೆಯ ನಡಾವಳಿ ಬರೆದು ಮುಗಿಸುವ ಜಿಲ್ಲೆಯಲ್ಲಿ ಕೈದಿಯ ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ.

ಕೋವಿಡ್ ಕಾಲದಲ್ಲಿ ಏನಾಯಿತು ಅಂತ ನೆನಪಿಸಿಕೊಂಡರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್, ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ಮಾಡಿ ಯಾರನ್ನು ಮಧ್ಯಂತರ ಜಾಮೀನು, ಪೆರೋಲ್ ಮೇಲೆ ಬಿಡಬಹುದು ನೋಡಿ ಅಂತ ಹೇಳಿತು. ಸಾವಿರಾರು ಜನ ಹೊರಗೆ ಬಂದರು. ಆದರೂ ಆ ವರ್ಷದ ಕೊನೆಗೆ ನೂರರ ಜಾಗದಲ್ಲಿ 118 ಜನ ಇದ್ದರು, ಮುಂದಿನ ವರ್ಷದ ಕೊನೆಗೆ 130. ಒಂದು ಸಲ ತೂಬು ಎತ್ತಿ ಮತ್ತೆ ಇಳಿಸಿದರೆ ಆಗುವುದು ಇಷ್ಟೇ. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವಕ್ಕೆ ಸನ್ನಡತೆಯ ಕೈದಿಗಳನ್ನು ಬಿಡುವುದೂ ಒಳ್ಳೆಯದೇ, ಆದರೆ ಅದು ಸಜೆ ಆದವರಿಗೆ ಮಾತ್ರ. ಮುಕ್ಕಾಲು ಪಾಲು ಜನ ಅದರ ಹೊರಗೇ ಇರುತ್ತಾರೆ.

ಪಹಣಿ ಇಲ್ಲದವನ ಜಾಮೀನು

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ನೋವಿನ ಭಾಗಕ್ಕೆ ಬರೋಣ. ಕೋರ್ಟು ಜಾಮೀನು ಕೊಟ್ಟಿದೆ. ಆದೇಶ ಕೈಯಲ್ಲಿದೆ. ಆದರೂ ಮನುಷ್ಯ ಒಳಗೇ ಇದ್ದಾನೆ.

ಜಾಮೀನು ಆದೇಶದಲ್ಲಿ ಸಾಮಾನ್ಯವಾಗಿ ಇಂತಿಷ್ಟು ಮೊತ್ತದ ಬಾಂಡ್, ಜೊತೆಗೆ ಒಬ್ಬರೋ ಇಬ್ಬರೋ ಶ್ಯೂರಿಟಿ ಕೊಡಬೇಕು ಅಂತ ಇರುತ್ತದೆ. ಶ್ಯೂರಿಟಿ ಅಂದರೆ ಈತ ಕರೆದಾಗ ಕೋರ್ಟಿಗೆ ಬರುತ್ತಾನೆ, ಬಾರದಿದ್ದರೆ ಆ ಹಣ ನಾನು ಕಟ್ಟುತ್ತೇನೆ ಅಂತ ನಿಲ್ಲುವವರು. ನಮ್ಮ ಕಡೆ ಅವರು ಜಮೀನಿನ ಪಹಣಿಯೋ ಮನೆಯ ಖಾತೆಯ ಕಾಗದವೋ ತಂದು ತೋರಿಸಬೇಕು. ಪಹಣಿ ಇದ್ದವರು ಪರಿಚಯ ಇಲ್ಲದ ಕೂಲಿಯವನಿಗಾಗಿ ಯಾಕೆ ಬಂದು ಕೋರ್ಟಿನಲ್ಲಿ ನಿಲ್ಲುತ್ತಾರೆ? ಬೀದರಿನಿಂದ ಬಂದು ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುವವನಿಗೆ ಇಲ್ಲಿ ಯಾರಿದ್ದಾರೆ? ಹೊರ ರಾಜ್ಯದವನಾದರೆ ಕೇಳುವುದೇ ಬೇಡ. ಹಣ ಇದ್ದವನಿಗೆ ಸಂಜೆಯೊಳಗೆ ಸಿಗುವ ಬಿಡುಗಡೆ ಇಲ್ಲದವನಿಗೆ ವರ್ಷವಾದರೂ ಸಿಗದೆ ಹೋಗುವುದು ಇಲ್ಲೇ.

ಇದು ಇವತ್ತಿನ ಕತೆಯಲ್ಲ. 1978ರ ಮೋತಿರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವನ ಅಣ್ಣನೋ ತಮ್ಮನೋ ಮುಂದೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗುವುದಿಲ್ಲ ಅಂದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಬಡವನಿಗೆ ಜಾಮೀನು ಹೇಗೆ ಕೈಗೆಟಕದ ವಸ್ತು ಆಗಿಬಿಟ್ಟಿದೆ ಅಂತ ಮನಸ್ಸು ಬಿಚ್ಚಿ ಬರೆದು, 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಅವನನ್ನು ಬಿಡಲು ಹೇಳಿದರು. ಜಾಮೀನಿನ ಮೊತ್ತ ವಿಪರೀತ ಇರಬಾರದು ಅಂತ ಕಾನೂನಿನಲ್ಲೇ ಇದೆ. ಜಾಮೀನು ಸಿಗಲೇಬೇಕಾದ ಸಣ್ಣ ಅಪರಾಧಗಳಲ್ಲಿ ಒಂದು ವಾರದೊಳಗೆ ಶ್ಯೂರಿಟಿ ಕೊಡಲು ಆಗದವನನ್ನು ಬಡವ ಅಂತಲೇ ತಿಳಿದು ಅವನ ಸ್ವಂತ ಬಾಂಡ್ ಮೇಲೆ ಬಿಡಬೇಕು ಅಂತಲೂ ಇದೆ.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಈ ವಿಷಯಕ್ಕೆ ಸರಿಯಾದ ಒಂದು ಕ್ರಮ ಹಾಕಿಕೊಟ್ಟಿತು. ಜಾಮೀನು ಆದೇಶದ ಪ್ರತಿ ಅದೇ ದಿನ ಅಥವಾ ಮಾರನೆಯ ದಿನ ಇಮೇಲ್‌ನಲ್ಲಿ ಜೈಲಿಗೆ ಹೋಗಬೇಕು. 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು, ಅವರು ಯಾರನ್ನಾದರೂ ಕಳಿಸಿ ಏನು ತೊಂದರೆ ಅಂತ ಕೇಳಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು. ಇದೇ ಊರಿನ ಶ್ಯೂರಿಟಿಯೇ ಬೇಕು ಅನ್ನುವ ಹಠ ಬೇಡ. ಒಬ್ಬ ವ್ಯಕ್ತಿಗೆ 13 ಕೇಸಿನಲ್ಲಿ ಜಾಮೀನು ಸಿಕ್ಕಿಯೂ ಪ್ರತಿ ಕೇಸಿಗೂ ಬೇರೆ ಬೇರೆ ಶ್ಯೂರಿಟಿ ತರಲು ಆಗದೆ ಒಳಗೇ ಉಳಿದಾಗ, ಒಂದು ರಾಜ್ಯದ ಎಲ್ಲ ಕೇಸಿಗೂ ಅದೇ ಶ್ಯೂರಿಟಿ ಸಾಕು ಅಂತ 2024ರ ಆಗಸ್ಟ್‌ನಲ್ಲಿ ಕೋರ್ಟ್ ಹೇಳಿತು.

ದುಡ್ಡಿನ ಕಡೆಯಿಂದ ಕೇಂದ್ರ ಸರ್ಕಾರ ಮಾಡಿದ್ದು ಬಡ ಕೈದಿಗಳಿಗೆ ನೆರವಿನ ಯೋಜನೆ. 2023ರ ಬಜೆಟ್‌ನಲ್ಲಿ ಘೋಷಣೆ ಆಯಿತು, ಜೂನ್‌ನಲ್ಲಿ ಗೃಹ ಸಚಿವಾಲಯ ಮಾರ್ಗಸೂಚಿ ಕಳಿಸಿತು, ವರ್ಷಕ್ಕೆ 20 ಕೋಟಿ ರೂಪಾಯಿ. ಆ ಮಾರ್ಗಸೂಚಿಯ ಪ್ರಕಾರ ಜಾಮೀನಿಗೆ ಹಣ ಇಲ್ಲದ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಉಳಿದ ಸಜಾ ಕೈದಿಗೆ 25,000 ರೂಪಾಯಿವರೆಗೆ ಸಿಗುತ್ತಿತ್ತು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಇರುವ ಸಮಿತಿ ಅದನ್ನು ಮಂಜೂರು ಮಾಡುತ್ತದೆ. ಕೈದಿಯ ಕೈಗೆ ಹಣ ಕೊಡುವುದಿಲ್ಲ, ಕೋರ್ಟಿಗೇ ಕಟ್ಟುತ್ತಾರೆ. ಭ್ರಷ್ಟಾಚಾರ, ಹಣ ಅಕ್ರಮ ವರ್ಗಾವಣೆ, ಮಾದಕ ವಸ್ತು, ಯುಎಪಿಎ (ಭಯೋತ್ಪಾದನೆ ತಡೆಯ ಕಾನೂನು) ಕೇಸುಗಳಿಗೆ ಇಲ್ಲ. ಯೋಚನೆ ಚೆನ್ನಾಗಿದೆ. ಆದರೆ ಬಹಳಷ್ಟು ಕಡೆ ಕೋರ್ಟು ಕೇಳುವುದು ನಗದು ಅಲ್ಲ, ಪಹಣಿ ಹಿಡಿದು ನಿಲ್ಲುವ ಮನುಷ್ಯನನ್ನು. ಹಣದಿಂದ ಆ ಮನುಷ್ಯ ಹುಟ್ಟುವುದಿಲ್ಲ. ನಗದು ಠೇವಣಿಗೆ ಒಪ್ಪುವುದು, ಇಲ್ಲವೇ ಸ್ವಂತ ಬಾಂಡ್ ಮೇಲೆ ಬಿಡುವುದು ಕೆಳ ಕೋರ್ಟುಗಳಲ್ಲಿ ರೂಢಿ ಆಗದೆ ಈ ದುಡ್ಡು ಪೂರ್ತಿ ಕೆಲಸಕ್ಕೆ ಬರುವುದಿಲ್ಲ.

ಗೋಡೆಯ ಒಳಗೆ

ಇಕ್ಕಟ್ಟು ಅನ್ನುವುದು ಒಳಗೆ ಇರುವವರಿಗೆ ಏನು? ಕೇಂದ್ರದ 2016ರ ಮಾದರಿ ಜೈಲು ಕೈಪಿಡಿ, ಬ್ಯಾರಕ್‌ನಲ್ಲಿ ಒಬ್ಬರಿಗೆ ಮಲಗಲು 3.71 ಚದರ ಮೀಟರ್ ಇರಬೇಕು ಅನ್ನುತ್ತದೆ. ಅಂದರೆ 40 ಚದರ ಅಡಿ, ಒಂದು ಮಂಚ ಹಾಕಿ ಪಕ್ಕದಲ್ಲಿ ಓಡಾಡುವಷ್ಟು. ಒಂದು ಬ್ಯಾರಕ್‌ನಲ್ಲಿ 20 ಜನ. ಆ ಬ್ಯಾರಕ್‌ನಲ್ಲಿ 35 ಜನ ಇದ್ದಾಗ ಮಲಗುವ ಜಾಗ ಮಾತ್ರ ಹಂಚಿಹೋಗುವುದಿಲ್ಲ. ಅದೇ ಶೌಚಾಲಯ, ಅದೇ ನಲ್ಲಿ, ಅದೇ ಒಬ್ಬ ಡಾಕ್ಟರ್, ಮುಲಾಕಾತ್‌ಗೆ ಬಂದ ಮನೆಯವರಿಗೆ ಅದೇ ಕಿಟಕಿ. ಕ್ಷಯ, ತುರಿಕೆ ಹರಡಲು ಹೆಚ್ಚು ದಿನ ಬೇಕಿಲ್ಲ. ಸಿಬ್ಬಂದಿ ಹುದ್ದೆಗಳಲ್ಲಿ ನೂರಕ್ಕೆ ಸುಮಾರು 30 ದೇಶದ ಉದ್ದಕ್ಕೂ ಖಾಲಿ, ಇರುವ ಕಾವಲುಗಾರರಿಗೂ ಬಿಡುವಿಲ್ಲ. 2022ರಲ್ಲಿ ಜೈಲುಗಳಲ್ಲಿ ನೂರಕ್ಕೂ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡರು. ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ಆಸ್ಪತ್ರೆಯಲ್ಲಾದರೂ ಮನೋಚಿಕಿತ್ಸೆಯ ವ್ಯವಸ್ಥೆ ಇರಲೇಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಹೆಂಗಸರ ಪಾಡು ಬೇರೆಯೇ. 2022ರ ಕೊನೆಗೆ 23,772 ಮಹಿಳೆಯರು ಒಳಗಿದ್ದರು, ಅವರಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳು. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು, ಅದಕ್ಕೆ ಬೇರೆ ಊಟ, ಶಿಶುವಿಹಾರ ಇರಬೇಕು ಅಂತ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ಮಕ್ಕಳು ಯಾವ ಕೇಸಿನಲ್ಲೂ ಆರೋಪಿಗಳಲ್ಲ.

ಕೆಲವು ಕೆಡುಕುಗಳಿಗೂ ಇಕ್ಕಟ್ಟಿಗೂ ಸಂಬಂಧ ಇಲ್ಲ. ಅವು ಪುಸ್ತಕದಲ್ಲೇ ಬರೆದಿದ್ದವು. ಎಷ್ಟೋ ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಯಾವ ಜಾತಿಯವರು ಮಾಡಬೇಕು, ಕಕ್ಕಸು ಯಾರು ತೊಳೆಯಬೇಕು ಅಂತ ಇತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಇದನ್ನು ಹೊರಗೆ ತಂದು ಕೋರ್ಟಿಗೂ ಹೋದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ರದ್ದು ಮಾಡಿ, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಅಂದಿತು.

1894ರ ಜೈಲು ಕಾಯ್ದೆ ಹೆಚ್ಚಾಗಿ ನೋಡುವುದು ಕಾವಲು, ಶಿಸ್ತು, ಶಿಕ್ಷೆಗಳ ಕಡೆಗೆ. ಅದರ ಬದಲಿಗೆ ಕೇಂದ್ರ 2023ರಲ್ಲಿ ಮಾದರಿ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಕಾಯ್ದೆ ಬರೆದು ಕಳಿಸಿದೆ. ಅದರಲ್ಲಿ ಮಹಿಳೆಯರಿಗೆ, ತೃತೀಯಲಿಂಗಿಗಳಿಗೆ ಪ್ರತ್ಯೇಕ ವ್ಯವಸ್ಥೆ, ತೆರೆದ ಜೈಲು, ಕಸುಬು ಕಲಿಸುವುದು ಎಲ್ಲ ಇದೆ. ಆದರೆ ಆಯಾ ರಾಜ್ಯದ ವಿಧಾನಸಭೆ ಒಪ್ಪಿ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ. ಕೂಲಿಯ ವಿಷಯದಲ್ಲಿ ಕರ್ನಾಟಕ ಒಳ್ಳೆಯ ಕೆಲಸ ಮಾಡಿದೆ. 2022ರ ಕೊನೆಯಲ್ಲಿ ಸಜಾ ಕೈದಿಗಳ ದಿನಗೂಲಿಯನ್ನು 500 ರೂಪಾಯಿಗೂ ಮೇಲಕ್ಕೆ ಏರಿಸಿತು. 1984ರ ಆ ಕಾಗದದಲ್ಲಿ ಮೊದಲು ಇದ್ದ ದೂರೇ ಕೂಲಿಯದ್ದು ಅನ್ನುವುದು ನನಗೆ ನೆನಪಾಗುತ್ತದೆ.

ತೆರೆದ ಜೈಲಿನ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಜೈಪುರದ ಹತ್ತಿರ ಸಾಂಗಾನೇರ್‌ನಲ್ಲಿ 1963ರಿಂದ ಒಂದು ಇದೆ. ಸಜೆಯ ಒಂದು ಭಾಗ ಮುಗಿಸಿದ, ನಡತೆ ಚೆನ್ನಾಗಿರುವ ಕೈದಿಗಳು ಅಲ್ಲಿ ಹೆಂಡತಿ ಮಕ್ಕಳ ಜೊತೆ ಮನೆ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಹಾಜರಿ ಹಾಕಿ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಬಂದು ಮತ್ತೆ ಹಾಜರಿ. ತಮ್ಮ ಅನ್ನ ತಾವೇ ದುಡಿದುಕೊಳ್ಳುತ್ತಾರೆ. ಕರ್ನಾಟಕದಲ್ಲೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಒಂದು ಬಯಲು ಜೈಲು ಇದೆ, ಚಿಕ್ಕದು. ಎತ್ತರದ ಗೋಡೆ ಬೇಡ, ಕಾವಲಿಗೆ ಸ್ವಲ್ಪ ಜನ ಸಾಕು, ಖರ್ಚೂ ಕಮ್ಮಿ. ಬಹಳ ವರ್ಷ ಒಳಗಿದ್ದವನು ಹೊರಗಿನ ಬದುಕಿಗೆ ನಿಧಾನವಾಗಿ ಹೊಂದಿಕೊಳ್ಳುತ್ತಾನೆ. ಇಷ್ಟು ವರ್ಷದಿಂದ ನಡೆಯುತ್ತಿರುವ ಪ್ರಯೋಗ ಇನ್ನೂ ಯಾಕೆ ಎಲ್ಲ ರಾಜ್ಯಗಳಲ್ಲಿ ಬೆಳೆದಿಲ್ಲ ಅನ್ನುವುದಕ್ಕೆ ನನಗೆ ಕಾಣುವ ಕಾರಣ ಒಂದೇ, ಯಾರಾದರೂ ಓಡಿಹೋದರೆ ಅನ್ನುವ ಅಧಿಕಾರಿಗಳ ಭಯ.

ಇದನ್ನು ಓದುವವರಲ್ಲಿ ಯಾರಿಗಾದರೂ ತಮ್ಮವರು, ಇಲ್ಲವೇ ಮನೆ ಕೆಲಸಕ್ಕೆ ಬರುವ ಅಕ್ಕನ ಮಗನೋ ತಮ್ಮನೋ ಒಳಗಿದ್ದರೆ, ಈ ಕೆಲವು ವಿಷಯ ಗೊತ್ತಿರಲಿ. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರನ್ನು ಪಡೆಯುವ ಹಕ್ಕು ಇದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲಿ. ಅವರಿಗೆ ಆದಾಯದ ಮಿತಿ ಇಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಕೂಡ ಮಾಡಬಹುದು. ಹೋಗುವಾಗ ಒಂದು ಹಾಳೆಯಲ್ಲಿ ಕೈದಿಯ ಹೆಸರು, ಜೈಲಿನಲ್ಲಿ ಕೊಟ್ಟ ಯುಟಿಪಿ (ವಿಚಾರಣಾಧೀನ ಕೈದಿ) ನಂಬರ್, ಠಾಣೆ ಮತ್ತು ಕ್ರೈಂ ನಂಬರ್, ಯಾವ ಕಲಂ, ಒಳಗೆ ಹೋದ ದಿನಾಂಕ ಬರೆದುಕೊಂಡು ಹೋಗಿ. ಜಾಮೀನು ಆಗಿದ್ದರೆ ಆದೇಶದ ದಿನಾಂಕವನ್ನು ಮರೆಯದೆ ಬರೆಯಿರಿ. ಏಳು ದಿನದ ಲೆಕ್ಕ ಅಲ್ಲಿಂದಲೇ ಶುರು.